ದಿನಕ್ಕೆ ಅರ್ಧ ಸೆಕೆಂಡಿನ ರಾಕ್ಷಸ

ಹಳೆಯ ರಾಕ್ಷಸ ಸಿನಿಮಾಗಳ ಮಾತು ಬಂದಾಗಲೆಲ್ಲ ಒಂದು ತೀರ್ಪು ಸಿದ್ಧವಾಗಿರುತ್ತದೆ: ಆಗ ಕಂಪ್ಯೂಟರ್ ಇರಲಿಲ್ಲ, ಪಾಪ, ಇದ್ದುದರಲ್ಲಿ ಏನೋ ಮಾಡಿದರು. ‘ಕಿಂಗ್ ಕಾಂಗ್’ನ (1933) ಗೊರಿಲ್ಲಾ ತಡವರಿಸಿ ನಡೆಯುತ್ತದೆ. ‘ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್’ನ (1963) ಅಸ್ಥಿಪಂಜರಗಳು ತುಂಡು ತುಂಡಾಗಿ ಚಲಿಸುತ್ತವೆ. ಈಗಿನ ಮಕ್ಕಳಿಗೆ ತೋರಿಸಿದರೆ ನಗುತ್ತಾರೆ. ಈ ತೀರ್ಪಿನ ಬುಡದಲ್ಲಿರುವ ನಂಬಿಕೆ ಇಷ್ಟು: ರಾಕ್ಷಸ ನಿಜದ ಪ್ರಾಣಿಗೆ ಎಷ್ಟು ಹತ್ತಿರ ಬಂದರೆ ಅಷ್ಟು ಭಯಂಕರ. ಇದು ತಪ್ಪು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸಲು ಹಾಲಿವುಡ್ಡಿನವರೆಗೆ ಹೋಗಬೇಕಾಗಿಲ್ಲ, ಕಡಬ ತಾಲೂಕಿನ ಕೊಯಿಲ ಸಾಕು.

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವಾಗ ಆತೂರಿನ ಮಗ್ಗುಲಲ್ಲಿ ಸಿಗುವ ಊರು ಕೊಯಿಲ. ಜಿಲ್ಲೆಯಲ್ಲಿ ಅದರ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಸರಕಾರದ ಜಾನುವಾರು ಕ್ಷೇತ್ರ. ಸಮೀಪದ ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ ಕಂಬಳ, ಪುತ್ತೂರಿನಲ್ಲಿ ಕೋಟಿ-ಚೆನ್ನಯ ಕಂಬಳ. ಈ ಸೀಮೆಯ ಜನರಿಗೆ ಕೋಣ ಹೇಗೆ ನಿಲ್ಲುತ್ತದೆ, ಹೇಗೆ ಕತ್ತು ತಿರುಗಿಸುತ್ತದೆ, ಓಡುವಾಗ ಹೆಗಲು ಎಲ್ಲಿ ಏಳುತ್ತದೆ ಎಂದು ಯಾವ ಸಿನಿಮಾದವನೂ ಹೇಳಿಕೊಡಬೇಕಾಗಿಲ್ಲ. ಅದೇ ಜನ ಇಲ್ಲಿನ ಗದ್ದೆಗಳಲ್ಲಿ ಹರಕೆಯ ಯಕ್ಷಗಾನ ಬಯಲಾಟ ನೋಡುತ್ತಾರೆ. ಕಟೀಲು ಮೇಳದ ‘ಶ್ರೀದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಗಳ ಬೆಂಕಿಯ ನಡುವೆ, ಜನರನ್ನು ಸೀಳಿಕೊಂಡು ರಂಗಸ್ಥಳಕ್ಕೆ ಬರುತ್ತಾನೆ. ಕೋಣದ ಲಕ್ಷಣ ಅವನಲ್ಲಿ ಎಷ್ಟಿದೆ? ಎರಡು ಕೊಂಬು. ಉಳಿದದ್ದೆಲ್ಲ ಬಣ್ಣ, ಬಟ್ಟೆ, ಬೇಗಡೆ, ಗೆಜ್ಜೆ. ಅವನು ಎರಡು ಕಾಲಲ್ಲಿ ಕುಣಿಯುತ್ತಾನೆ, ಮಾತಾಡುತ್ತಾನೆ. ಕೋಣವನ್ನು ಚೆನ್ನಾಗಿ ಬಲ್ಲ ಮಗು ಕೂಡ ಆ ಹೊತ್ತಿಗೆ ಅಮ್ಮನ ಸೆರಗು ಹಿಡಿಯುತ್ತದೆ.

ಆ ಮಗು ಮೋಸ ಹೋಗಿದೆ ಎನ್ನುವಂತೆಯೂ ಇಲ್ಲ. ಆಟ ಶುರುವಾಗುವ ಮುಂಚೆ, ಬಣ್ಣ ಹಚ್ಚುವ ಚೌಕಿಗೆ ಇಣುಕಿ ನೋಡದ ಮಕ್ಕಳು ನಮ್ಮ ಕಡೆ ಕಡಿಮೆ. ರಾಕ್ಷಸನಾಗುವ ಬಣ್ಣದ ವೇಷಧಾರಿ ಕನ್ನಡಿ ಮುಂದೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದದಿಂದ ಮುಖದ ಮೇಲೆ ಚುಟ್ಟಿ ಇಡುತ್ತಾನೆ. ಒಂದೊಂದೇ ಮುಳ್ಳು. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಈ ಕೆಲಸ. ಸುಣ್ಣ ಚರ್ಮವನ್ನು ಎಳೆಯುತ್ತದೆ, ನಗುವ ಹಾಗಿಲ್ಲ, ಬಾಯಿಬಿಟ್ಟು ಮಾತಾಡುವ ಹಾಗಿಲ್ಲ. ಇದನ್ನೆಲ್ಲ ಹತ್ತಿರದಿಂದ ನೋಡಿದ ಹುಡುಗನೇ ಬೆಳಗಿನ ಜಾವ ಅದೇ ಮುಖ ತೆರೆಯ ಹಿಂದಿನಿಂದ ಮೇಲೆದ್ದಾಗ ಬೆಚ್ಚುತ್ತಾನೆ. ಮಾಡಿದ್ದು ಹೇಗೆಂದು ಗೊತ್ತಿರುವುದು ಭಯವನ್ನು ಕಡಿಮೆ ಮಾಡಲಿಲ್ಲ. ನನ್ನನ್ನು ಕೇಳಿದರೆ ಹೆಚ್ಚೇ ಮಾಡಿತು.

ಈ ಅನುಭವವನ್ನು ಕೈಯಲ್ಲಿಟ್ಟುಕೊಂಡು ‘ಕಿಂಗ್ ಕಾಂಗ್’ ನೋಡಬೇಕು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿ ಹತ್ತುವ ಆ ದೈತ್ಯನ ನಿಜವಾದ ಎತ್ತರ ಸುಮಾರು ಒಂದೂವರೆ ಅಡಿ. ಒಳಗೆ ಕೀಲುಗಳಿರುವ ಲೋಹದ ಅಸ್ಥಿ, ಅದರ ಮೇಲೆ ರಬ್ಬರು, ಹತ್ತಿ, ಹೊರಗೆ ಮೊಲದ ತುಪ್ಪಳು. ಗೊಂಬೆಯನ್ನು ಕಟ್ಟಿದವನು ಮಾರ್ಸೆಲ್ ಡೆಲ್ಗಾಡೊ, ಅದಕ್ಕೆ ಚಲನೆ ಕೊಟ್ಟವನು ವಿಲ್ಲಿಸ್ ಓಬ್ರಿಯನ್. ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಕ್ಯಾಮೆರಾದಲ್ಲಿ ಒಂದು ಚೌಕಟ್ಟು ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಇಂಥ ಇಪ್ಪತ್ತನಾಲ್ಕು ಚಿತ್ರಗಳಾದರೆ ತೆರೆಯ ಮೇಲೆ ಒಂದು ಸೆಕೆಂಡು. ಹೀಗೆ ಸರಿಸುವಾಗ ಬೆರಳು ತಾಗಿ ಮೊಲದ ತುಪ್ಪಳು ಪ್ರತಿ ಚಿತ್ರದಲ್ಲೂ ಒಂದಿಷ್ಟು ಕದಡುತ್ತಿತ್ತು. ಪರದೆಯ ಮೇಲೆ ನೋಡಿದರೆ ಕಾಂಗ್‌ನ ಮೈಕೂದಲು ಸದಾ ಅಲೆಯಾಡುತ್ತದೆ, ಸಿಟ್ಟಿಗೆ ನಿಮಿರಿದಂತೆ ಕಾಣುತ್ತದೆ. ಲೆಕ್ಕಕ್ಕೆ ಅದು ದೋಷ. ಅದನ್ನು ಸರಿಪಡಿಸಿದ್ದರೆ ಕಾಂಗ್ ಸತ್ತುಹೋಗುತ್ತಿತ್ತು.

ಸ್ಟಾಪ್ ಮೋಷನ್ ಎಂದು ಕರೆಯುವ ಈ ವಿದ್ಯೆಯ ಒಂದು ವಿಚಿತ್ರ ನಮ್ಮ ಕಡೆಯ ಗೊಂಬೆಯಾಟದ ಜೊತೆಗಿಟ್ಟರೆ ಸ್ಪಷ್ಟವಾಗುತ್ತದೆ. ಕಾಸರಗೋಡಿನ ಯಕ್ಷಗಾನ ಗೊಂಬೆಯಾಟದಲ್ಲಾಗಲಿ, ಉಪ್ಪಿನಕುದ್ರುವಿನ ಕಾಮತರ ಆಟದಲ್ಲಾಗಲಿ ಸೂತ್ರಧಾರನಿಗೆ ಗೊಂಬೆ ಕುಣಿಯುವುದು ಕಣ್ಣೆದುರೇ ಕಾಣುತ್ತದೆ. ಹೆಜ್ಜೆ ತಪ್ಪಿದರೆ ಮುಂದಿನ ಹೆಜ್ಜೆಯಲ್ಲಿ ಸರಿಪಡಿಸಬಹುದು, ಚೆಂಡೆ-ಮದ್ದಳೆಯವರು ಕೈ ಹಿಡಿಯುತ್ತಾರೆ. ಸ್ಟಾಪ್ ಮೋಷನ್ನಿನವನಿಗೆ ಆ ಭಾಗ್ಯವಿಲ್ಲ. ಅವನ ಎದುರಿನ ಗೊಂಬೆ ಯಾವಾಗಲೂ ಅಲ್ಲಾಡದೆ ನಿಂತಿರುತ್ತದೆ. ಅದು ಎಲ್ಲಿಂದ ಬಂತು, ಎಷ್ಟು ವೇಗದಲ್ಲಿ ಎತ್ತ ಹೊರಟಿದೆ ಎಂಬುದೆಲ್ಲ ಅವನ ತಲೆಯಲ್ಲೇ ಇರಬೇಕು. ಆಗೆಲ್ಲ ಫಿಲ್ಮ್ ತೊಳೆದು ಬಂದ ಮೇಲೆಯೇ ತಾನು ಏನು ಮಾಡಿದೆ ಎಂದು ತಿಳಿಯುತ್ತಿತ್ತು.

ಈ ಕುರುಡುಗೆಲಸದ ಮಹಾಗುರು ರೇ ಹ್ಯಾರಿಹೌಸೆನ್. ಹದಿಮೂರರ ವಯಸ್ಸಿನಲ್ಲಿ ‘ಕಿಂಗ್ ಕಾಂಗ್’ ನೋಡಿ ಆ ಗುಂಗಿನಿಂದ ಹೊರಬರಲಾಗದವನು. ಗೊಂಬೆಗಳ ಲೋಹದ ಕೀಲುಗಳನ್ನು ತಂದೆ ಕಡೆದುಕೊಡುತ್ತಿದ್ದರು, ತಾಯಿ ಬಟ್ಟೆ ಹೊಲಿಯುತ್ತಿದ್ದರು. 1949ರ ‘ಮೈಟಿ ಜೋ ಯಂಗ್’ನಲ್ಲಿ ಓಬ್ರಿಯನ್‌ಗೆ ಸಹಾಯಕನಾಗಿದ್ದು, ಆಮೇಲೆ ಬಹುಪಾಲು ಒಬ್ಬನೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ. ‘ಜೇಸನ್’ ಚಿತ್ರದ ಕೊನೆಯಲ್ಲಿ ಏಳು ಅಸ್ಥಿಪಂಜರಗಳು ಮೂವರು ವೀರರ ಮೇಲೆ ಕತ್ತಿ ಬೀಸುತ್ತವೆ. ನಟರು ಮೊದಲೇ ಬರಿಗಾಳಿಯ ಜೊತೆ ಹೋರಾಡಿ ಹೋಗಿದ್ದರು. ಆ ಚಿತ್ರವನ್ನು ಹಿಂದಿನಿಂದ ಪರದೆಗೆ ಬಿಟ್ಟು, ಮುಂದೆ ಗೊಂಬೆಗಳನ್ನು ನಿಲ್ಲಿಸಿ, ನಟನ ಕತ್ತಿ ಎಲ್ಲಿದೆಯೋ ಅಲ್ಲಿಗೆ ಅಸ್ಥಿಪಂಜರದ ಗುರಾಣಿ ಬರುವಂತೆ ಚೌಕಟ್ಟು ಚೌಕಟ್ಟಾಗಿ ಹೊಂದಿಸಬೇಕು. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ದುಡಿದರೆ ಸಿಗುತ್ತಿದ್ದದ್ದು ಹದಿಮೂರು ಚಿತ್ರ, ಅಂದರೆ ಅರ್ಧ ಸೆಕೆಂಡಿನಷ್ಟು ಸಿನಿಮಾ. ಕೆಲವೇ ನಿಮಿಷಗಳ ಆ ಕಾಳಗಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು.

ಆ ಚಲನೆ ಯಾಕೆ ಕಡಿದು ಕಡಿದು ಕಾಣುತ್ತದೆ ಎಂಬುದಕ್ಕೆ ಕಾರಣ ಸರಳ. ಓಡುವ ಮನುಷ್ಯನನ್ನು ಕ್ಯಾಮೆರಾ ಹಿಡಿದಾಗ ಪ್ರತಿ ಚಿತ್ರದಲ್ಲೂ ಅವನ ಕೈಕಾಲು ಒಂದಿಷ್ಟು ಮಸುಕಾಗಿರುತ್ತದೆ. ಗೊಂಬೆ ನಿಂತಾಗ ತೆಗೆದ ಚಿತ್ರದಲ್ಲಿ ಆ ಮಸುಕು ಇರುವುದಿಲ್ಲ, ಪ್ರತಿಯೊಂದೂ ಕೆತ್ತಿದಂತೆ ಸ್ಪಷ್ಟ. ನಮ್ಮ ಕಣ್ಣು ಅದನ್ನು ಗುರುತಿಸುತ್ತದೆ: ಇದು ನಮ್ಮ ಲೋಕದ ಚಲನೆ ಅಲ್ಲ. ಅಸ್ಥಿಪಂಜರ ನಮ್ಮ ಲೋಕದ ಹಾಗೆ ಚಲಿಸಬೇಕೆಂದು ಯಾರು ಹೇಳಿದರು? ಮಹಿಷಾಸುರ ಕೊಯಿಲದ ಕೋಣದ ಹಾಗೆ ನಡೆದಿದ್ದರೆ ಅವನಿಗೆ ಹುಲ್ಲು ಹಾಕುತ್ತಿದ್ದೆವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಯಕ್ಷಗಾನ ಶೈಲೀಕೃತ ಕಲೆ, ಅಲ್ಲಿ ಅರ್ಜುನನೂ ನಿಜದ ಮನುಷ್ಯನಂತಿಲ್ಲ. ಸಿನಿಮಾದಲ್ಲಿ ಮರ, ಸಮುದ್ರ, ಮನುಷ್ಯರು ಎಲ್ಲವೂ ನಿಜ, ಅವುಗಳ ನಡುವೆ ರಾಕ್ಷಸ ಒಬ್ಬನೇ ಗೊಂಬೆಯಾದರೆ ಎದ್ದು ಕಾಣುವುದಿಲ್ಲವೇ? ಕಾಣುತ್ತದೆ. ಇದಕ್ಕೆ ನನ್ನ ಉತ್ತರ ಹಲ್ಲಿಗಳ ಕಥೆ. ಗೊಂಬೆ ಕುಣಿಸುವಷ್ಟು ದುಡ್ಡು, ತಾಳ್ಮೆ ಇಲ್ಲದ ನಿರ್ಮಾಪಕರು ಅಮೆರಿಕದಲ್ಲಿ ಒಂದು ಒಳದಾರಿ ಹುಡುಕಿದ್ದರು. ಜೀವಂತ ಓತಿ, ಉಡ, ಮೊಸಳೆಮರಿಗಳಿಗೆ ರಬ್ಬರಿನ ಕೊಂಬು, ಬೆನ್ನುರೆಕ್ಕೆ ಅಂಟಿಸಿ, ಪುಟ್ಟ ಮರಗಳ ನಡುವೆ ಬಿಟ್ಟು, ದೊಡ್ಡದಾಗಿ ತೋರಿಸುವುದು. 1940ರ ‘ಒನ್ ಮಿಲಿಯನ್ ಬಿ.ಸಿ.’ಯಲ್ಲಿ ಹೀಗೇ ಮಾಡಿದರು. 1960ರ ‘ದಿ ಲಾಸ್ಟ್ ವರ್ಲ್ಡ್’ನಲ್ಲೂ ಇದನ್ನೇ ಮಾಡಿದರು, ಅದೂ 1925ರಲ್ಲಿ ಅದೇ ಕಥೆಗೆ ಗೊಂಬೆ ಡೈನೋಸಾರ್‌ಗಳನ್ನು ನಡೆಸಿದ್ದ ಓಬ್ರಿಯನ್‌ನ ಹೆಸರನ್ನು ತಂತ್ರಜ್ಞರ ಪಟ್ಟಿಯಲ್ಲಿ ಇಟ್ಟುಕೊಂಡು. ಆ ಹಲ್ಲಿಗಳು ನೂರಕ್ಕೆ ನೂರು ನಿಜ. ಚರ್ಮ ನಿಜ, ಉಸಿರು ನಿಜ, ಕಣ್ಣಿನ ರೆಪ್ಪೆ ನಿಜ. ಆದರೂ ಅವುಗಳಷ್ಟು ನಿರ್ಜೀವ ರಾಕ್ಷಸರು ಸಿನಿಮಾದಲ್ಲಿ ಬೇರೆ ಇಲ್ಲ. ಆ ಬಡಪಾಯಿ ಪ್ರಾಣಿಗೆ ಬೇಕಾಗಿದ್ದದ್ದು ಅಲ್ಲಿಂದ ಓಡಿಹೋಗುವುದು, ಅಷ್ಟೇ. ಕಾಂಗ್‌ಗೆ ಬೇಕಾದದ್ದು ಇದೆ. ಏನೆಂದು ನಮಗೆ ಗೊತ್ತಾಗುತ್ತದೆ. ಸತ್ತುಬಿದ್ದ ಡೈನೋಸಾರ್‌ನ ದವಡೆಯನ್ನು ಅದು ಆಡಿಸಿ ನೋಡುವ ಒಂದು ಕ್ಷಣವಿದೆ. ಕಥೆಗೆ ಆ ಕ್ಷಣ ಬೇಕಾಗಿಲ್ಲ, ಗೊಂಬೆ ಆಡಿಸಿದವನಿಗೆ ಬೇಕಾಗಿತ್ತು. ರಾಕ್ಷಸನಿಗೆ ಜೀವ ಬರುವುದು ಅವನ ಇಚ್ಛೆ ನಮಗೆ ಕಂಡಾಗ. ಚರ್ಮದ ಸುಕ್ಕು ಎಷ್ಟು ಸಹಜ ಎಂಬುದು ಆಮೇಲಿನ ಮಾತು.

ಕರಾವಳಿಯಿಂದಲೂ ಒಬ್ಬ ರಾಕ್ಷಸಶಿಲ್ಪಿ ಸಿನಿಮಾಕ್ಕೆ ಹೋದ. ಹ್ಯಾರಿಹೌಸೆನ್ ಹುಟ್ಟಿದ 1920ರಲ್ಲೇ ಉಡುಪಿಯ ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯ. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿ, ಡೇರೆಯೊಳಗೆ ಯಾವ ದೃಶ್ಯಕ್ಕೆ ಜನ ಶಿಳ್ಳೆ ಹೊಡೆಯುತ್ತಾರೆ, ಯಾವುದಕ್ಕೆ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ ಎಂದು ಅರಿತವರು. ಡಿ. ಶಂಕರಸಿಂಗ್ ಜೊತೆ ಸೇರಿ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಆ ಸಂಸ್ಥೆಯವು. ಆಗಿನ್ನೂ ಕಣ್ಣುಬಿಡುತ್ತಿದ್ದ ಕನ್ನಡ ಚಿತ್ರರಂಗಕ್ಕೆ ಜನ ಮತ್ತು ಹಣ ಎರಡನ್ನೂ ತಂದವು. ಮುಂದೆ ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಬ್ರಹ್ಮ ಎನಿಸಿಕೊಂಡರು. ರಾಜ್‌ಕುಮಾರ್ ನಟಿಸಿದ ‘ವೀರಕೇಸರಿ’ (1963) ಕೂಡ ಅವರದೇ.

ವಿಠಲಾಚಾರ್ಯರು ಸ್ಟಾಪ್ ಮೋಷನ್ ಹಾದಿ ಹಿಡಿಯಲಿಲ್ಲ. ಅದಕ್ಕೆ ಕಾರಣ ಅರ್ಥಶಾಸ್ತ್ರದ್ದು. ನಾಲ್ಕೂವರೆ ತಿಂಗಳು ಒಂದು ಕಾಳಗಕ್ಕೆ ಕೊಡುವ ಶಕ್ತಿ ಬಡ್ಡಿಗೆ ಸಾಲ ತಂದು ಸಿನಿಮಾ ಮಾಡುವ ದಕ್ಷಿಣ ಭಾರತದ ಯಾವ ನಿರ್ಮಾಪಕನಿಗೂ ಇರಲಿಲ್ಲ. ಅವರ ಆಯುಧಗಳು ಬೇರೆ: ಕ್ಯಾಮೆರಾ ನಿಲ್ಲಿಸಿ ಮನುಷ್ಯನ ಜಾಗದಲ್ಲಿ ಮೇಕೆ ನಿಲ್ಲಿಸುವುದು, ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆಯುವುದು, ತಂತಿ, ಹೊಗೆ, ಮುಖವಾಡ. ಹಣ ಹೆಚ್ಚು ಕೇಳಿದ ಅಥವಾ ಡೇಟು ಕೊಡದ ನಟನ ಪಾತ್ರಕ್ಕೆ ಶಾಪ ಕೊಡಿಸಿ ಗಿಳಿಯನ್ನೋ ಪ್ರಾಣಿಯನ್ನೋ ಮಾಡಿ, ಉಳಿದ ಕಥೆಯನ್ನು ಆ ಪ್ರಾಣಿಯಿಂದಲೇ ಮುಗಿಸುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ. ನಿಜವೋ ಕಟ್ಟುಕಥೆಯೋ, ಅವರ ಜಾಣ್ಮೆಗೆ ಒಪ್ಪುವಂಥದ್ದು. ಇಂಥ ಬಡತನದ ಜಾಣ್ಮೆ ಹ್ಯಾರಿಹೌಸೆನ್‌ಗೂ ಹೊಸದಲ್ಲ. 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ಮುರಿಯುವ ಆಕ್ಟೋಪಸ್‌ಗೆ ಎಂಟರ ಬದಲು ಆರೇ ತೋಳು, ಇನ್ನೆರಡಕ್ಕೆ ಬಜೆಟ್ ಇರಲಿಲ್ಲ. ನೀರಿನೊಳಗೆ ಎರಡು ಇರಬಹುದೆಂದು ಪ್ರೇಕ್ಷಕರು ತಾವೇ ಸೇರಿಸಿಕೊಂಡರು.

ವಿಠಲಾಚಾರ್ಯರ 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ಮೋಹಿನಿ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಚಾಚಿ ಅಡುಗೆ ಮಾಡುತ್ತಾಳೆ. ಆ ದೃಶ್ಯವನ್ನು ನೋಡಿದವರು ಮರೆತಿಲ್ಲ. ತಾಂತ್ರಿಕವಾಗಿ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ದಿನನಿತ್ಯದ ಅಡುಗೆಮನೆಯೊಳಗೆ ಅಮಾನುಷವನ್ನು ಇಷ್ಟು ನಿರಾಳವಾಗಿ ಕೂರಿಸುವ ಕಲ್ಪನೆ ಇದೆಯಲ್ಲ, ಅದು ಅಜ್ಜಿಕಥೆಯಿಂದ ಬಂದದ್ದು. ಉದ್ಯಾವರದ ಹುಡುಗನಿಗೆ ಬಯಲಾಟದ ರಾಕ್ಷಸರ ಪರಿಚಯ ಸಿನಿಮಾಕ್ಕಿಂತ ಮೊದಲೇ ಆಗಿರಬೇಕೆಂದು ನಾನು ಊಹಿಸುತ್ತೇನೆ. ನಮ್ಮ ವಿಮರ್ಶೆ ಮಾತ್ರ ಅವರನ್ನು ಮೂಢನಂಬಿಕೆಯ ವ್ಯಾಪಾರಿ ಎಂದು ಬದಿಗಿಟ್ಟಿತು. ಅವರ ಚಿತ್ರಗಳಲ್ಲಿ ಹೆಣ್ಣಿನ ದೇಹವನ್ನು ತೋರಿಸಿದ ಬಗೆ, ಪವಾಡದಿಂದ ಎಲ್ಲವನ್ನೂ ಬಗೆಹರಿಸುವ ಸೋಮಾರಿತನ, ಇವನ್ನು ಟೀಕಿಸಲು ನನಗೂ ಅಡ್ಡಿಯಿಲ್ಲ. ಆದರೆ ದೆವ್ವ ತೋರಿಸಿದ್ದೇ ತಪ್ಪು ಎಂಬ ಟೀಕೆಗೆ ತೂಕವಿಲ್ಲ. ಪುತ್ತೂರಿನಲ್ಲಿ ಬಾಲವನ ಕಟ್ಟಿದ, ವೈಚಾರಿಕತೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಶಿವರಾಮ ಕಾರಂತರೂ ಮೂಕಿ ಯುಗದಲ್ಲಿ ‘ಭೂತರಾಜ್ಯ’ ಎಂಬ ಹೆಸರಿನ ಚಿತ್ರ ತೆಗೆದವರೇ.

ಹ್ಯಾರಿಹೌಸೆನ್‌ನನ್ನು ತಲೆಯ ಮೇಲೆ ಹೊರಬೇಕೆಂದೂ ನಾನು ಹೇಳುತ್ತಿಲ್ಲ. ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದ್‌ಬಾದ್’ನಲ್ಲಿ (1973) ಮಾಂತ್ರಿಕನೊಬ್ಬ ಆರು ಕೈಗಳ ಕಾಳಿಯ ವಿಗ್ರಹಕ್ಕೆ ಜೀವ ಬರಿಸುತ್ತಾನೆ. ಮೊದಲು ಅದು ನರ್ತಿಸುತ್ತದೆ, ಆಮೇಲೆ ಆರು ಕತ್ತಿ ಹಿಡಿದು ನಾಯಕನ ಮೇಲೆ ಬೀಳುತ್ತದೆ. ಕೈಗೆಲಸದ ದೃಷ್ಟಿಯಿಂದ ಹ್ಯಾರಿಹೌಸೆನ್‌ನ ಅತ್ಯುತ್ತಮ ದೃಶ್ಯಗಳಲ್ಲಿ ಒಂದು. ಆದರೆ ‘ದೇವಿ ಮಹಾತ್ಮೆ’ ನೋಡಿ ಬೆಳೆದವರಿಗೆ ಅಲ್ಲಿ ಏನೋ ತಲೆಕೆಳಗಾಗಿದೆ ಎಂದು ತಕ್ಷಣ ತಿಳಿಯುತ್ತದೆ: ರಾಕ್ಷಸನನ್ನು ಕೊಲ್ಲಬೇಕಾದವಳನ್ನೇ ರಾಕ್ಷಸನ ಜಾಗದಲ್ಲಿ ನಿಲ್ಲಿಸಿದ್ದಾರೆ. ಬಹಳ ಕೈಗಳಿದ್ದರೆ ಪಶ್ಚಿಮದ ಕಣ್ಣಿಗೆ ಅದು ವಿಕಾರ. ಅವನ ಚಿತ್ರಗಳ ಮನುಷ್ಯಪಾತ್ರಗಳಂತೂ ಗೊಂಬೆಗಳಿಗಿಂತ ಬಿಗಿ. ರಾಕ್ಷಸರು ಬಾರದ ರೀಲುಗಳಲ್ಲಿ ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ.

1993ರ ‘ಜುರಾಸಿಕ್ ಪಾರ್ಕ್’ ಸ್ಟಾಪ್ ಮೋಷನ್ ವಿದ್ಯೆಯನ್ನು ಮುಖ್ಯರಸ್ತೆಯಿಂದ ಕೆಳಗಿಳಿಸಿತು. ಆ ಚಿತ್ರದ ಡೈನೋಸಾರ್‌ಗಳನ್ನು ಮೊದಲು ಗೊಂಬೆಗಳಿಂದ ಮಾಡಬೇಕೆಂದು ಸ್ಟಾಪ್ ಮೋಷನ್ ಕಲಾವಿದ ಫಿಲ್ ಟಿಪ್ಪೆಟ್‌ಗೆ ವಹಿಸಿದ್ದರು. ಕಂಪ್ಯೂಟರಿನ ಪರೀಕ್ಷಾಚಿತ್ರ ನೋಡಿದ ಮೇಲೆ ಆ ಯೋಜನೆ ಬಿದ್ದುಹೋಯಿತು. ಇಲ್ಲಿಗೆ ಕಥೆ ಮುಗಿಯಿತು ಎಂದು ಬರೆಯುವವರು ಮುಂದಿನ ಭಾಗ ಹೇಳುವುದಿಲ್ಲ. ಟಿಪ್ಪೆಟ್‌ನನ್ನು ಕಳಿಸಿಬಿಡಲಿಲ್ಲ. ಕಂಪ್ಯೂಟರ್ ಬಲ್ಲವರಿಗೆ ಪ್ರಾಣಿ ಹೇಗೆ ಹೆಜ್ಜೆಯಿಡುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂದು ಗೊತ್ತಿರಲಿಲ್ಲ. ಹಾಗಾಗಿ ಕೀಲುಗಳಿಗೆ ಸಂವೇದಕ ಜೋಡಿಸಿದ ಲೋಹದ ಗೊಂಬೆಯೊಂದನ್ನು ಮಾಡಿದರು. ಗೊಂಬೆಯವರು ಅದನ್ನು ಕೈಯಿಂದ ಸರಿಸಿದಂತೆ ಕಂಪ್ಯೂಟರಿನೊಳಗಿನ ಡೈನೋಸಾರ್ ಸರಿಯುತ್ತಿತ್ತು.

ಆದ್ದರಿಂದ ಕೈಗೆಲಸ ಒಳ್ಳೆಯದು, ಕಂಪ್ಯೂಟರ್ ಕೆಟ್ಟದ್ದು ಎಂಬ ಹಳಹಳಿಕೆ ನನ್ನದಲ್ಲ. ಕಂಪ್ಯೂಟರಿನ ರಾಕ್ಷಸನನ್ನೂ ಮನುಷ್ಯರೇ ಮಾಡುತ್ತಾರೆ, ಬೆಂಗಳೂರಿನಲ್ಲೂ ಮಾಡುತ್ತಾರೆ. ಆಸ್ಕರ್ ಗೆದ್ದ ‘ದಿ ಜಂಗಲ್ ಬುಕ್’ (2016) ಚಿತ್ರದ ಪ್ರಾಣಿಗಳಿಗೆ ಎಂಪಿಸಿ ಎಂಬ ಗ್ರಾಫಿಕ್ಸ್ ಸಂಸ್ಥೆಯ ಬೆಂಗಳೂರು ಶಾಖೆಯವರೂ ದುಡಿದರು. ಆ ಸಂಸ್ಥೆಯ ಒಡೆತನ ಹೊಂದಿದ್ದ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಭಾರತದಲ್ಲಿ ಸಾವಿರಾರು ಕಲಾವಿದರು ಒಮ್ಮೆಗೇ ಕೆಲಸ ಕಳೆದುಕೊಂಡರು. ಕಾಂಗ್‌ನ ತುಪ್ಪಳಿನಲ್ಲಿ ಓಬ್ರಿಯನ್‌ನ ಬೆರಳ ಗುರುತು ಉಳಿದಿದೆ. ಇವರ ಗುರುತು ಚಿತ್ರ ಮುಗಿದ ಮೇಲೆ ಜನ ಎದ್ದು ಹೋಗುವಾಗ ಓಡುವ ಹೆಸರಿನ ಪಟ್ಟಿಯಲ್ಲಿ, ಕೆಲವೊಮ್ಮೆ ಅಲ್ಲಿಯೂ ಇಲ್ಲ. ಒಂದು ದೃಶ್ಯವನ್ನು ನೂರು ಮಂದಿಗೆ ಹಂಚಿದಾಗ ಪ್ರಾಣಿಗೆ ಏನು ಬೇಕು ಎಂದು ಯೋಚಿಸುವ ಹಕ್ಕು ಯಾರಿಗೂ ಉಳಿಯುವುದಿಲ್ಲ. ಒಬ್ಬನಿಗೆ ಕೂದಲು, ಒಬ್ಬನಿಗೆ ಬೆಳಕು, ಒಬ್ಬನಿಗೆ ಧೂಳು. ಇಂದಿನ ಅನೇಕ ರಾಕ್ಷಸರು ಸುಂದರವಾಗಿದ್ದೂ ಖಾಲಿಯಾಗಿರುವುದಕ್ಕೆ ಕಾರಣ ಯಂತ್ರಕ್ಕಿಂತ ಈ ಹಂಚಿಕೆ.

‘ಕಾಂತಾರ’ (2022) ಯಾಕೆ ಗೆದ್ದಿತು ಎಂಬುದಕ್ಕೆ ಹತ್ತು ವ್ಯಾಖ್ಯಾನಗಳಿವೆ. ಅದರಲ್ಲಿ ಬರುವ ದೈವ ರಾಕ್ಷಸನಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ತಪ್ಪನ್ನು ಮಾಡಲಾರೆ. ಆದರೂ ತಂತ್ರದ ದೃಷ್ಟಿಯಿಂದ ಒಂದನ್ನು ಗಮನಿಸಬೇಕು: ಕೊನೆಯ ಭಾಗದಲ್ಲಿ ಮೈ ಜುಮ್ಮೆನ್ನಿಸಿದ್ದು ಒಬ್ಬ ನಟನ ದೇಹ, ಬಣ್ಣ, ಕೂಗು. ಆ ಚಿತ್ರದ ಪ್ರೇಕ್ಷಕ ನಟನನ್ನು ಬಲ್ಲ, ಬಣ್ಣವನ್ನು ಬಲ್ಲ, ಆದರೂ ಬೆಚ್ಚಿದ. ಚೌಕಿಯಲ್ಲಿ ಇಣುಕಿದ ಹುಡುಗನದೇ ಸ್ಥಿತಿ. ಇದನ್ನು ಬಿಟ್ಟು ಕನ್ನಡ ಚಿತ್ರರಂಗ ಹಾಲಿವುಡ್ಡಿನಷ್ಟು ನೈಜ ಹುಲಿ, ಹಾಲಿವುಡ್ಡಿನಷ್ಟು ನೈಜ ಬೆಂಕಿ ಎಂದು ಕೋಟಿಗಳನ್ನು ಸುರಿಯಲು ಹೊರಟರೆ ಸೋಲುವುದು ಖಚಿತ. ಅಲ್ಲಿನವರ ಬಳಿ ನಮಗಿಂತ ಹೆಚ್ಚು ಹಣವಿದೆ. ನಮ್ಮ ಬಳಿ ಅವರಿಗಿಲ್ಲದ ಪ್ರೇಕ್ಷಕರಿದ್ದಾರೆ: ಎರಡು ಕೊಂಬು ಕೊಟ್ಟರೆ ಉಳಿದ ಕೋಣವನ್ನು ತಾವೇ ತುಂಬಿಕೊಳ್ಳಬಲ್ಲವರು.

ಕೊಯಿಲ, ರಾಮಕುಂಜ, ಕಡಬ, ಸುಳ್ಯ, ಪುತ್ತೂರು ಕಡೆಯ ಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿ ಒಂದು ಮನವಿ. ಹ್ಯಾರಿಹೌಸೆನ್‌ಗೆ ಬೇಕಾಗಿದ್ದ ಕ್ಯಾಮೆರಾ ಈಗ ಪ್ರತಿ ಮನೆಯ ಮೊಬೈಲಿನಲ್ಲಿದೆ, ಚಿತ್ರಗಳನ್ನು ಜೋಡಿಸಿಕೊಡುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಸೆಕೆಂಡಿಗೆ ಹನ್ನೆರಡು ಚಿತ್ರವಾದರೂ ಗೊಂಬೆ ನಡೆಯುತ್ತದೆ. ಐದು ಸೆಕೆಂಡಿಗೆ ಅರವತ್ತು. ಅಡಿಕೆ ಹಾಳೆ, ಆವೆಮಣ್ಣು, ಒಳಗೊಂದು ತಂತಿ, ಅಲ್ಲಾಡದಂತೆ ಫೋನ್ ನಿಲ್ಲಿಸಲು ಎರಡು ಇಟ್ಟಿಗೆ ಸಾಕು. ಮಕ್ಕಳಿಗೆ ಮಹಿಷಾಸುರನನ್ನೇ ಕೊಡಿ. ಅವನು ಕೋಣದಂತೆ ಕಾಣಬೇಕೆಂದು ಮಾತ್ರ ಹೇಳಬೇಡಿ. ಅವನಿಗೆ ಏನು ಬೇಕು ಎಂದು ಕೇಳಿ.